ಡಾಲ್ಫಿನ್ ಡಾಕ್ಟರುಗಳು ಬಂದ ಮಳೆಗಾಲ

ಹೋದ ವಾರ ಬಿಡದಿಯಲ್ಲಿ ಮಳೆಗೆ ಸಿಕ್ಕಿಬಿದ್ದು ಒಂದು ಹೋಟೆಲಿಗೆ ನುಗ್ಗಿದೆ. ನುಗ್ಗಿದ ಮೇಲೆ ಸುಮ್ಮನೆ ನಿಂತರೆ ಚೆನ್ನಾಗಿರುವುದಿಲ್ಲ ಅಂತ ತಟ್ಟೆ ಇಡ್ಲಿ ಹೇಳಿದೆ. ಇದು ನೆಪ, ಮಳೆ ಇಲ್ಲದಿದ್ದರೂ ಹೇಳುತ್ತಿದ್ದೆ. ಜನರ ಕಾಲಿನ ಕೆಸರಿಗೆ ರೋಸಿಹೋಗಿದ್ದ ಹೋಟೆಲಿನವರು ನೆಲಕ್ಕೆ ಬ್ಲೀಚಿಂಗ್ ಪುಡಿ ಕಲಸಿದ ನೀರು ಚೆಲ್ಲಿದರು. ಆ ಘಾಟು ಮೂಗಿಗೆ ಬಡಿದಾಗ ಬೇರೆಯವರಿಗೆ ಆಸ್ಪತ್ರೆ ನೆನಪಾಗುತ್ತದಂತೆ. ನನಗೆ ಡಾಲ್ಫಿನ್ ನೆನಪಾಗುತ್ತದೆ. ಅದರ ಹಿಂದೆಯೇ ನಮ್ಮ ದೊಡ್ಡಮ್ಮ ಬರುತ್ತಾಳೆ. ಇಬ್ಬರಲ್ಲಿ ಯಾರು ಮೊದಲು, ಯಾರಿಂದ ಯಾರು ಅರ್ಥವಾದರು ಅನ್ನುವುದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಅದು ನಾನು ಡಿಗ್ರಿ ಮುಗಿಸಿ, ಮುಂದೆ ಏನೂ ಆಗದೆ, ಕೂಟಗಲ್ ಕಡೆಯ ನಮ್ಮೂರಲ್ಲಿ ದೊಡ್ಡಮ್ಮನ ಮನೆಯಲ್ಲಿ ಕೂತು ತಿನ್ನುತ್ತಿದ್ದ ವರ್ಷ. ನನಗೆ ಬರುತ್ತಿದ್ದದ್ದು ಒಂದೇ ವಿದ್ಯೆ, ಇನ್ನೊಬ್ಬರ ಹಾಗೆ ಮಾತಾಡುವುದು. ರಾಮನಗರದ ಬಸ್ಸಿನ ಕಂಡಕ್ಟರು, ಕಾಲೇಜಿನ ಪ್ರಿನ್ಸಿಪಾಲರು, ಹಾಲಿನ ಡೈರಿಯ ಸೆಕ್ರೆಟರಿ, ದೊಡ್ಡಪ್ಪನ ಕೆಮ್ಮು, ಎಲ್ಲ ನನ್ನ ಗಂಟಲಲ್ಲಿದ್ದವು. ನನ್ನದೇ ದನಿ ಯಾವುದು ಅಂತ ಯಾರಾದರೂ ಕೇಳಿದ್ದರೆ ಹುಡುಕಬೇಕಾಗುತ್ತಿತ್ತು.

ಆ ಮಳೆಗಾಲ ಶುರುವಾಗುವ ಹೊತ್ತಿಗೆ ಡಾಕ್ಟರ್ ಚಿಕ್ಕಣ್ಣನವರು ಊರಿಗೆ ಬಂದರು. ನಮ್ಮ ಕಡೆಯವರೇ, ದನದ ಡಾಕ್ಟರಾಗಿ ಶುರು ಮಾಡಿ, ಹೇಗೋ ಸಮುದ್ರದ ಕಡೆ ಹೋಗಿ, ದಡಕ್ಕೆ ಬಂದು ಬೀಳುವ ಡಾಲ್ಫಿನ್ನು ತಿಮಿಂಗಿಲಗಳು ಯಾವ ರೋಗದಿಂದ ಸತ್ತವು ಅಂತ ನೋಡುವವರಾಗಿದ್ದರು. ಬೇರೆ ಬೇರೆ ದೇಶದ ಅಂಥವರನ್ನೆಲ್ಲ ಸೇರಿಸಿ ಒಂದು ತರಬೇತಿ ಸಭೆ ಮಾಡುವುದು ಅವರ ಪಾಲಿಗೆ ಬಂದಿತ್ತು. ಮಳೆಗಾಲದಲ್ಲಿ ಕರಾವಳಿಯಲ್ಲಿ ಎಲ್ಲಿ ನೋಡಿದರೂ ನೀರು, ಕರೆಂಟಿಲ್ಲ. ಬಿಡದಿ ರಾಮನಗರದ ನಡುವೆ, ಹೆದ್ದಾರಿಯಿಂದ ಒಳಗೆ, ಬಂಡೆಗಳ ಮಧ್ಯೆ ಒಂದು ತರಬೇತಿ ಕೇಂದ್ರ ಖಾಲಿ ಬಿದ್ದಿತ್ತು. ಹೀಗೆ ಸಮುದ್ರದ ಪ್ರಾಣಿಗಳ ಡಾಕ್ಟರುಗಳು, ಕೆರೆಯೂ ಕಾಣದ ಜಾಗಕ್ಕೆ ಬಂದರು.

"ಇಂಗ್ಲಿಷ್ ಬರುತ್ತೇನೋ?" ಅಂತ ಚಿಕ್ಕಣ್ಣನವರು ನನ್ನನ್ನು ಕೇಳಿದರು.

"ಮಾತಾಡಕ್ಕೆ ಬರಲ್ಲ ಸರ್. ಮಾತಾಡೋರ ಥರ ಮಾತಾಡಕ್ಕೆ ಬರುತ್ತೆ."

"ಅಷ್ಟು ಸಾಕು ಬಿಡು. ಅಲ್ಲಿ ಬರೋರಲ್ಲಿ ಅರ್ಧ ಜನ ಹಂಗೇನೇ."

ನನ್ನ ಕೆಲಸಕ್ಕೆ ಹೆಸರಿರಲಿಲ್ಲ. ರೈಲು ನಿಲ್ದಾಣದಿಂದ ಜನರನ್ನು ಕರೆತರುವುದು, ಪ್ರೊಜೆಕ್ಟರ್ ಹಚ್ಚುವುದು, ಅಡಿಗೆಯವರಿಗೆ ಖಾರ ಕಡಿಮೆ ಹಾಕಿ ಎಂದು ಹೇಳುವುದು, ಹಾಕಿದ ಮೇಲೆ ಕ್ಷಮೆ ಕೇಳುವುದು. ಊರಿನ ಅನುಮಾನಗಳಿಗೆ ಉತ್ತರ ಕೊಡುವುದೂ ನನ್ನ ಪಾಲಿಗೇ ಬಂತು. ರಾಮನಗರದ ಆಟೋ ಸ್ಟ್ಯಾಂಡಿನಲ್ಲಿ ಒಬ್ಬ ನನ್ನ ತೋಳು ಹಿಡಿದು ಕೇಳಿದ, "ಲೇ ಮಂಜ, ಆ ಮೀನ್ಗಳ ಎಲ್ಲಿಗ್ಲಾ ಬುಟ್ಟವ್ರೆ? ಅರ್ಕಾವತೀಲಿ ಮಂಡಿಯುದ್ದ ನೀರಿಲ್ವಲ್ಲೋ."

"ಅವು ಮೀನಲ್ಲ ಕಣಣ್ಣ, ಹಾಲು ಕುಡಿಸ್ತವೆ. ಇಲ್ಲಿಗೆ ತಂದೂ ಇಲ್ಲ."

"ಹಾಲ್ ಕುಡಿಸ್ತವೆ, ಮೀನಲ್ಲ, ಇಲ್ಲಿಲ್ಲ. ಮತ್ತೆ ಇವ್ರು ಇಲ್ಲೇನ್ ನೋಡ್ತಾರೆ?"

ನನಗೂ ಅದೇ ಪ್ರಶ್ನೆ ಇತ್ತು. ಆದರೆ ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡವನು ಪ್ರಶ್ನೆ ಕೇಳುವಂತಿರಲಿಲ್ಲ.

ಬಂದವರಲ್ಲಿ ಇಬ್ಬರು ನನಗೆ ಹತ್ತಿರವಾದರು. ಒಬ್ಬರು ಹಾಲೆಂಡಿನ ವಿಲ್ಲೆಮ್, ಬಾಗಿಲು ಕಂಡಲ್ಲೆಲ್ಲ ತಲೆ ಬಗ್ಗಿಸಿ ಬಗ್ಗಿಸಿ, ಬಾಗಿಲಿಲ್ಲದ ಕಡೆಯೂ ಬಗ್ಗಿಸುತ್ತಿದ್ದ ಎತ್ತರದ ಮನುಷ್ಯ. ಅಡಿಗೆಯವರು ಅವರನ್ನು ವಿಲ್ಲಣ್ಣ ಮಾಡಿಕೊಂಡಿದ್ದರು. ಇನ್ನೊಬ್ಬರು ಶ್ರೀಲಂಕಾದ ಡಾಕ್ಟರ್ ಸುನೇತ್ರಾ. ನಮ್ಮ ಸಾರಿನಲ್ಲಿ ಖಾರ ಸಾಲದು ಅಂತ ಹಸಿಮೆಣಸಿನಕಾಯಿ ಕಚ್ಚಿ ತಿಂದು, ಅಡಿಗೆ ಮನೆಯ ಗೌರವವನ್ನು ಮೊದಲ ದಿನವೇ ಗಳಿಸಿದವರು. ಇವರಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲಿ ಆಗಿದ್ದು. ನನಗೆ ತಿಳಿದಂತೆ ಕನ್ನಡದಲ್ಲಿ ಹೇಳುತ್ತೇನೆ. ತಪ್ಪಿದ್ದರೆ ಅದು ಅವರದೇ ಅಂದುಕೊಳ್ಳಿ.

ಪ್ರೊಜೆಕ್ಟರಿನ ಪಕ್ಕ ಕೂತು ಕೇಳಿಸಿಕೊಂಡದ್ದು ಇಷ್ಟು. ನಾಯಿಗೆ ಬರುವ ಡಿಸ್ಟೆಂಪರ್ ಅನ್ನುವ ರೋಗ, ಮಕ್ಕಳಿಗೆ ಬರುವ ದಡಾರ, ಇವುಗಳ ದಾಯಾದಿ ರೋಗವೊಂದು ಸಮುದ್ರದಲ್ಲೂ ಇದೆ. ಡಾಲ್ಫಿನ್ನಿಗೆ ಬಂದರೆ ಉಸಿರು ಕಟ್ಟುತ್ತದೆ, ದಿಕ್ಕು ತಪ್ಪುತ್ತದೆ, ದಡಕ್ಕೆ ಬಂದು ಬೀಳುತ್ತದೆ. ವಿಲ್ಲೆಮ್ ಅವರ ಕಡಲಲ್ಲಿ ಸೀಲ್ ಅನ್ನುವ ಮೀಸೆಯ ಪ್ರಾಣಿಗಳು ಹಾಗೇ ಸಾಲು ಸಾಲಾಗಿ ಸತ್ತಿದ್ದವಂತೆ. ಒಂದು ದೇಶದ ನೀರಲ್ಲಿ ರೋಗ ಕಂಡದ್ದು ಪಕ್ಕದ ದೇಶಕ್ಕೆ ಬೇಗ ಗೊತ್ತಾದರೆ ಅಲ್ಲಿಯವರು ತಯಾರಾಗಬಹುದು, ಎಲ್ಲರ ಪರೀಕ್ಷೆಗಳನ್ನು ಒಟ್ಟಿಗಿಟ್ಟು ನೋಡಬಹುದು. ಅದಕ್ಕೇ ಈ ಸಭೆ. ಆದರೆ ಡಾಲ್ಫಿನ್ನು ಯಾರ ಅಪ್ಪಣೆಯೂ ಇಲ್ಲದೆ ದೇಶ ದೇಶ ದಾಟುತ್ತದೆ, ಅದು ಸತ್ತ ಮೇಲೆ ಅದರ ಶ್ವಾಸಕೋಶದ ಒಂದು ಚೂರನ್ನು ಗಡಿ ದಾಟಿಸಬೇಕಾದರೆ ಎರಡೂ ಕಡೆಯ ಸರ್ಕಾರಗಳ ಮುದ್ರೆ ಬೇಕು. ಅದರ ಮೇಲೆ, ತಮ್ಮ ಕಡಲಲ್ಲಿ ರೋಗ ಇದೆ ಅಂತ ಮೊದಲು ಹೇಳಲು ಯಾವ ದೇಶಕ್ಕೂ ಬಾಯಿ ಬರುವುದಿಲ್ಲ. ಹೇಳಿದರೆ ಅವರ ಮೀನು ಯಾರೂ ಕೊಳ್ಳುವುದಿಲ್ಲ, ಬೀಚಿಗೆ ಯಾರೂ ಬರುವುದಿಲ್ಲ.

ಸಭೆಯ ಅರ್ಧ ಹೊತ್ತು ರೋಗದ ಬಗ್ಗೆ, ಇನ್ನರ್ಧ ಹೊತ್ತು ಈ ಸಂಕೋಚದ ಬಗ್ಗೆ. ಇಷ್ಟು ಓದಿದವರು ಬಾಯಿ ಬಿಡುವುದನ್ನು ಕಲಿಯಲು ವಿಮಾನ ಹತ್ತಿ ಬಂದಿದ್ದಾರಲ್ಲ ಅಂತ ನನಗೆ ಒಳಗೊಳಗೇ ನಗು.

ಸಂಜೆ ಊರಿಗೆ ಬಂದರೆ ಅಲ್ಲಿ ಬೇರೆಯದೇ ಲೋಕ. ನಮ್ಮ ಬೀದಿಯಲ್ಲಿ ರೇಷ್ಮೆ ಹುಳ ಸಾಕದ ಮನೆ ಇಲ್ಲ. ಆ ದಿನಗಳಲ್ಲಿ ಎಲ್ಲರ ಮನೆಯಲ್ಲೂ ಹುಳ ನಾಲ್ಕನೇ ಜ್ವರ ಎದ್ದು ಸೊಪ್ಪು ಕಬಳಿಸುತ್ತಿದ್ದವು. ಹುಳ ಪೊರೆ ಬಿಡುವಾಗ ಮೇವು ಬಿಟ್ಟು ಸುಮ್ಮನೆ ಕೂರುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ, ಅದು ರೋಗವಲ್ಲ. ವಿಲ್ಲೆಮ್ ಅವರಿಗೆ ನಾನು ಇದನ್ನು ಅರ್ಧ ಮಾತ್ರ ಹೇಳಿ, ಅವರು ಊಟದ ತಟ್ಟೆ ಕೆಳಗಿಟ್ಟು, ನಾಲ್ಕು ಸಲ ಜ್ವರ ಬಂದದ್ದನ್ನು ಯಾರಿಗೆ ವರದಿ ಮಾಡಿದ್ದೀರಿ ಅಂತ ಕೇಳಿ, ಬಿಡಿಸಿ ಹೇಳುವಷ್ಟರಲ್ಲಿ ಸಾಕುಸಾಕಾಯಿತು.

ಹುಳ ಸಾಕುವವರಿಗೆ ಒಂದು ಅಭ್ಯಾಸವಿದೆ. ಹುಳ ಹೇಗಿವೆ ಅಂತ ಯಾರೇ ಕೇಳಲಿ, ಚೆನ್ನಾಗಿವೆ ಅನ್ನುವುದಿಲ್ಲ. ದೃಷ್ಟಿಯಾಗುತ್ತದೆ. ಬೆಳೆ ಎಷ್ಟು ಹುಲುಸಾಗಿದೆಯೋ ಅಷ್ಟು ಗೋಳು. ನಮ್ಮ ದೊಡ್ಡಮ್ಮ ಪುಟ್ಟತಾಯಮ್ಮ ಇದರಲ್ಲಿ ಬೀದಿಗೇ ಮೊದಲು. "ಏನೋ ಅವೆ ಕಣವ್ವ, ಸೊಪ್ಪಿಗೆ ಬಾಯೇ ಹಾಕ್ತಿಲ್ಲ, ಈ ಸಲ ಏನ್ ಉಳೀತದೋ" ಅಂತ ಸೆರಗಿನಿಂದ ಮೂಗು ಒರೆಸಿಕೊಂಡಳೆಂದರೆ ಆ ಸಲ ಗೂಡು ಬಂಪರು ಅಂತಲೇ ಲೆಕ್ಕ. ನಾನು ಅದನ್ನು ಮೂಗು ಒರೆಸುವುದರ ಸಮೇತ ಮಾಡಿ ತೋರಿಸಿದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಅವಳೇ. ಹೈಸ್ಕೂಲಿನಿಂದ ನನ್ನನ್ನು ಮನೆಯಲ್ಲಿಟ್ಟುಕೊಂಡು ಸಾಕಿದವಳು, ಆ ಸಲಿಗೆ ನನಗಿತ್ತು.

ಎದುರು ಮನೆಯ ಸಾವಿತ್ರಕ್ಕ ಆ ಸಲ ಮೊದಲ ಬಾರಿಗೆ ಒಬ್ಬಳೇ ಹುಳ ಸಾಕಿದ್ದಳು. ಅಕ್ಕೂರಿಗೆ ಕೊಟ್ಟಿದ್ದ ಹೆಣ್ಣುಮಗಳು, ಅಲ್ಲಿ ಬಾಳಲಾಗದೆ ಮಗಳನ್ನು ಕಟ್ಟಿಕೊಂಡು ತವರಿಗೆ ಬಂದಿದ್ದಳು. ಬೀದಿಯ ದನಿಗಳೆಲ್ಲ ನನ್ನ ಗಂಟಲಿಗೆ ಬಂದರೂ ಸಾವಿತ್ರಕ್ಕನದು ಬರುತ್ತಿರಲಿಲ್ಲ. ಅವಳು ಮಾತಾಡಿದರಲ್ಲವೇ ಕದಿಯುವುದು. ಅವಳ ಅಣ್ಣಂದಿರು ಬೀದಿಯವರ ಮುಂದೆಯೇ ಹೇಳಿದ್ದರು, "ಹಿಪ್ಪುನೇರಳೆ ತೋಟದ ಒಂದು ಪಟ್ಟಿ ಬುಟ್ಟಿದೀವಿ. ಈ ಬೆಳೆ ಎತ್ತಿದ್ರೆ ಪಟ್ಟಿ ಅವ್ಳದೇ, ಅವ್ಳ ಪಾಡಿಗೆ ಅವ್ಳು ಇರ್ಲಿ. ಎತ್ತದಿದ್ರೆ ಅಕ್ಕೂರಿಗೇ ವಾಪಸ್ ಹೋಗ್ಲಿ." ಸಾವಿತ್ರಕ್ಕ ಬಾಯಿ ಬಿಡದೆ ಸೊಪ್ಪು ಕೊಯ್ಯಲು ಹೋದಳು. ಅವಳ ಹುಳ ಹಣ್ಣಾಗಿ ಗೂಡು ಕಟ್ಟುವುದೊಂದು ಬಾಕಿ ಇತ್ತು.

ಗೂಡು ಕಟ್ಟಿಸಲು ಚಂದ್ರಿಕೆ ಬೇಕು. ಬಿದಿರ ಚಾಪೆಯ ಮೇಲೆ ಬಿದಿರ ಪಟ್ಟಿಯನ್ನು ಸುರುಳಿ ಸುತ್ತಿ ನಿಲ್ಲಿಸಿದ, ಆಳುದ್ದದ ತಟ್ಟಿ ಅದು. ಹಣ್ಣಾದ ಹುಳವನ್ನು ಅದರ ಮೇಲೆ ಬಿಟ್ಟರೆ ಸುರುಳಿಯ ಸಂದಿಯಲ್ಲಿ ಕೂತು ಗೂಡು ನೇಯುತ್ತದೆ. ಎಲ್ಲರ ಬಳಿ ಸಾಕಷ್ಟು ಇರುವುದಿಲ್ಲ, ಹಾಗಾಗಿ ನಮ್ಮ ಬೀದಿಯಲ್ಲಿ ಚಂದ್ರಿಕೆಗಳು ಮನೆಯಿಂದ ಮನೆಗೆ ಓಡಾಡುತ್ತಲೇ ಇರುತ್ತವೆ. ಕೇಳಿದವರಿಗೆ ಇಲ್ಲ ಅನ್ನುವ ಪದ್ಧತಿಯೇ ಇಲ್ಲ. ಸಾವಿತ್ರಕ್ಕ ನಮ್ಮ ದೊಡ್ಡಮ್ಮನನ್ನು ಕೇಳಿದ್ದಳು, ದೊಡ್ಡಮ್ಮ ಹೂಂ ಅಂದಿದ್ದಳು.

ಆ ವಾರವೆಲ್ಲ ಬಿಸಿಲೇ ಇಲ್ಲ. ಗೋಡೆಗೆ ಕೈ ಇಟ್ಟರೆ ಕೈ ಒದ್ದೆ. ಒಂದು ಸಂಜೆ ನಾನು ಹುಳದ ಮನೆಯ ಬಾಗಿಲಿಗೆ ಹೋದರೆ ದೊಡ್ಡಮ್ಮ ಅಡ್ಡ ನಿಂತಳು.

"ನೀ ಒಳೀಕೆ ಬರ್ಬೇಡ ಕಣ್ಲಾ."

"ಯಾಕ್ ದೊಡ್ಡಮ್ಮ?"

"ಆ ಸಮುದ್ರದೋರ್ ಜೊತೆ ಬೆಳಗಿಂದ ಸಾಯಂಕಾಲದಗಂಟ ಇದ್ದು ಬತ್ತೀಯ. ಅವ್ರು ಸತ್ತಿದ್ದೇ ಮುಟ್ಟೋರು. ಅದೇನ್ ರೋಗ ತತ್ತೀಯೋ ಏನೋ."

"ಅವ್ರಿಲ್ಲಿ ಏನೂ ಮುಟ್ಟಿಲ್ಲ, ಬರೀ ಚಿತ್ರ ನೋಡ್ತಾರೆ ಕಣಮ್ಮ."

"ಚಿತ್ರದಿಂದ್ಲೂ ಬಂದಾತು. ಹೋಗ್ಲಾ."

ನಾನು ಇದನ್ನು ಮರುದಿನ ವಿಲ್ಲೆಮ್ ಅವರಿಗೆ ತಮಾಷೆಗೆ ಹೇಳಿದೆ. ಅವರು ನಗಲಿಲ್ಲ, ಪುಳಕಗೊಂಡರು. ರೋಗ ಒಳಗೆ ಬಾರದ ಹಾಗೆ ಬಾಗಿಲಲ್ಲೇ ತಡೆಯುವುದನ್ನು ನಾವು ವರ್ಷಗಟ್ಟಲೆ ಪಾಠ ಮಾಡುತ್ತೇವೆ, ನಿನ್ನ ದೊಡ್ಡಮ್ಮ ಪಾಠವಿಲ್ಲದೆ ಮಾಡುತ್ತಿದ್ದಾರೆ ಅಂತ ಸಭೆಯಲ್ಲಿ ಎದ್ದು ನಿಂತು ಹೇಳಿದರು. ದೇಶವಿದೇಶದ ಜನ ನಮ್ಮ ದೊಡ್ಡಮ್ಮನಿಗೆ ಚಪ್ಪಾಳೆ ತಟ್ಟಿದರು. ಅವಳ ಪರವಾಗಿ ನಾನು ಎದ್ದು ಕೈ ಮುಗಿದೆ. ಸಂಜೆ ಇದನ್ನು ಅವಳಿಗೆ ಹೇಳಿದರೆ ಖುಷಿಪಡುವ ಬದಲು ಗದರಿದಳು, "ನನ್ ಸುದ್ದಿ ಅಲ್ಲೆಲ್ಲ ಯಾಕ್ಲಾ ಎತ್ತುಕ್ ಹೋದೆ?" ಹೊಗಳಿಕೆಗೆ ಹೆದರುವ ಹೆಂಗಸು ಅಂದುಕೊಂಡು ಸುಮ್ಮನಾದೆ.

ಅಷ್ಟರಲ್ಲಿ ಸಾವಿತ್ರಕ್ಕ ಬೀದಿಯಿಂದಲೇ ಕೇಳಿದಳು, "ದೊಡ್ಡಮ್ಮ, ನಿಮ್ ಹುಳ ಹೆಂಗವೆ?"

"ಬಂಗಾರ್ದಂಗವೆ ಕಣವ್ವ" ಅಂದಳು ದೊಡ್ಡಮ್ಮ. "ಈ ಸಲ ಒಂದ್ ಹುಳ ಹೋಗಿಲ್ಲ. ನೀನು ಬಂದು ಚಂದ್ರಿಕೆ ತಕ್ಕೊಂಡೋಗು, ಯೋಚ್ನೆ ಮಾಡ್ಬೇಡ."

ಸಾವಿತ್ರಕ್ಕ ಒಂದು ಗಳಿಗೆ ನಿಂತು, ಸಣ್ಣಗೆ ನಕ್ಕು, ಒಳಗೆ ಹೋದಳು. ನನ್ನ ಗಂಟಲು ತನ್ನ ಪಾಡಿಗೆ ಆ ದನಿಯನ್ನು ಎತ್ತಿಟ್ಟುಕೊಂಡಿತು. ಹೊಸ ದನಿ ಸಿಕ್ಕಿದರೆ ನನಗೆ ಅಷ್ಟೇ, ಅದರೊಳಗೆ ಏನಿದೆ ಅಂತ ನೋಡುವ ಅಭ್ಯಾಸ ಇರಲಿಲ್ಲ.

ಅದರ ಮರುದಿನ ಸಭೆಯಲ್ಲಿ ಆಟ. ಚಿಕ್ಕಣ್ಣನವರೇ ಹೂಡಿದ್ದು. ಒಬ್ಬೊಬ್ಬರು ಒಂದೊಂದು ಕಲ್ಪನೆಯ ದೇಶ. ಒಂದು ದೇಶದ ದಡಕ್ಕೆ ಡಾಲ್ಫಿನ್ನುಗಳು ಸತ್ತು ಬೀಳುತ್ತಿವೆ, ಪಕ್ಕದ ದೇಶಗಳಿಗೆ ಅದು ಗೊತ್ತಿಲ್ಲ. ಹೇಳುತ್ತಾರೋ ಇಲ್ಲವೋ, ಹೇಳದಿದ್ದರೆ ರೋಗ ಎಲ್ಲಿಯವರೆಗೆ ಹೋಗುತ್ತದೆ ಅಂತ ಗೋಡೆಯ ನಕ್ಷೆಯಲ್ಲಿ ಕೆಂಪು ಗುಂಡುಸೂಜಿ ಚುಚ್ಚುತ್ತಾ ಹೋಗುವುದು. ಡಾಲ್ಫಿನ್ ಸತ್ತ ದೇಶದ ಅಧಿಕಾರಿಯಾಗಬೇಕಿದ್ದ ಮಹನೀಯರು ಹಿಂದಿನ ದಿನ ಹೆದ್ದಾರಿಯ ಚಟ್ನಿಗೆ ಬಲಿಯಾಗಿ ಕೋಣೆ ಬಿಟ್ಟು ಏಳುವಂತಿರಲಿಲ್ಲ.

"ಮಂಜು, ನೀನು ಕೂತ್ಕೊ" ಅಂದರು ಚಿಕ್ಕಣ್ಣನವರು. "ಯಾರಾದ್ರೂ ಫೋನ್ ಮಾಡಿ ನಿಮ್ಮ ಕಡಲು ಹೇಗಿದೆ ಅಂತ ಕೇಳ್ತಾರೆ. ನಿನಗೆ ತೋಚಿದ್ದು ಹೇಳು."

ನನಗೆ ತೋಚುವುದು ಅಂದರೆ ಇನ್ನೊಬ್ಬರ ದನಿ. ಕೈಗೆ ಮೊದಲು ಸಿಕ್ಕಿದ್ದು ಹೊಸದಾಗಿ ಎತ್ತಿಟ್ಟುಕೊಂಡದ್ದೇ. ಕುರ್ಚಿಯ ಮೇಲೆ ಕಾಲು ಮಡಚಿ, ಇಲ್ಲದ ಸೆರಗನ್ನು ಹೊದ್ದು, ಮೂಗು ಒರೆಸದೆ, ಗಂಟಲನ್ನು ಒಸಿ ಎತ್ತರಿಸಿ, ಕನ್ನಡ ಇಂಗ್ಲಿಷ್ ಬೆರೆಸಿ ಶುರು ಮಾಡಿದೆ. ನಮ್ಮ ಸಮುದ್ರ ಬಂಗಾರದ ಹಾಗಿದೆ ಕಣಪ್ಪ. ಒಂದು ಡಾಲ್ಫಿನ್ನೂ ಹೋಗಿಲ್ಲ. ನೀನು ಬಂದು ಮೀನು ತಗೊಂಡು ಹೋಗು, ಯೋಚನೆ ಮಾಡಬೇಡ. ವಿಲ್ಲೆಮ್ ಪಕ್ಕದ ದೇಶದವರಾಗಿ ಫೋನು ಮಾಡಿ, ಆಕಾಶದಲ್ಲಿ ಹದ್ದುಗಳು ಹಾರುತ್ತಿವೆಯಲ್ಲ ಅಂದರು. ಹಬ್ಬಕ್ಕೆ ಬಂದಿವೆ ಅಂದೆ. ಸಭೆಗೆ ಸಭೆಯೇ ಉರುಳಿ ಬೀಳುವಷ್ಟು ನಕ್ಕಿತು. ನಕ್ಷೆಯ ತುಂಬ ಕೆಂಪು ಗುಂಡುಸೂಜಿ. ಇಷ್ಟು ಚೆನ್ನಾಗಿ ಮುಚ್ಚಿಟ್ಟ ಸರ್ಕಾರವನ್ನು ತಾವು ನಿಜ ಜೀವನದಲ್ಲೂ ಕಂಡಿಲ್ಲ ಅಂತ ವಿಲ್ಲೆಮ್ ಕೈ ಕುಲುಕಿದರು.

ಟೀ ಹೊತ್ತಿಗೆ ಸುನೇತ್ರಾ ನನ್ನ ಪಕ್ಕ ಬಂದು ನಿಂತರು. ಅವರು ನಗುತ್ತಿರಲಿಲ್ಲ.

"ಅದು ಯಾರು? ನೀನು ಮಾಡಿದ್ದು."

"ನಮ್ಮ ದೊಡ್ಡಮ್ಮ. ನಿನ್ನೆ ಸಂಜೆ ಎದುರು ಮನೆಯವಳ ಹತ್ತಿರ ಹೀಗೇ ಮಾತಾಡಿದಳು."

"ಯಾವಾಗಲೂ ಹೀಗೇ ಮಾತಾಡುತ್ತಾರಾ?"

"ಇಲ್ಲ, ಅವಳು ಯಾವತ್ತೂ ಅಳುತ್ತಲೇ ಇರುತ್ತಾಳೆ. ಹುಳ ಚೆನ್ನಾಗಿದ್ದರೆ ಯಾರೂ..."

ಟೀ ಲೋಟ ಬಿಸಿಯಾಗಿತ್ತು, ಹಿಡಿದೇ ನಿಂತಿದ್ದೆ. ಹುಳ ಚೆನ್ನಾಗಿದ್ದರೆ ಯಾರೂ ಚೆನ್ನಾಗಿವೆ ಅನ್ನುವುದಿಲ್ಲ. ಇದು ನಮ್ಮ ಬೀದಿಯ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ನನ್ನ ಗಂಟಲಿಗೆ ಗೊತ್ತಾಗಿದ್ದು ನನ್ನ ತಲೆಗೆ ಒಂದು ದಿನ ತಡವಾಗಿ, ಅದೂ ಶ್ರೀಲಂಕಾ ಮಾರ್ಗವಾಗಿ ಬಂದು ತಲುಪಿತ್ತು.

ಹೊಟ್ಟೆನೋವು ಅಂತ ಹೇಳಿ ಮಧ್ಯಾಹ್ನದ ಬಸ್ಸು ಹತ್ತಿದೆ. ಆ ವಾರ ಹೊಟ್ಟೆನೋವನ್ನು ಯಾರೂ ಅನುಮಾನಿಸುತ್ತಿರಲಿಲ್ಲ. ಮನೆಗೆ ಬಂದಾಗ ದೊಡ್ಡಪ್ಪ ತೋಟದಲ್ಲಿದ್ದ. ಹುಳದ ಮನೆಯ ಬಾಗಿಲು ಓರೆಯಾಗಿತ್ತು. ದೊಡ್ಡಮ್ಮ ಕುಕ್ಕರಗಾಲಲ್ಲಿ ಕೂತು ತಟ್ಟೆಗಳಿಂದ ಹುಳಗಳನ್ನು ಆರಿಸಿ ಮೊರಕ್ಕೆ ಹಾಕುತ್ತಿದ್ದಳು. ಹಾಕಿದಾಗ ಟಕ್ ಅಂತ ಸದ್ದು. ಮೆತ್ತಗಿರಬೇಕಾದ ಹುಳ ಸೀಮೆಸುಣ್ಣದ ಹಾಗೆ ಬೆಳ್ಳಗಾಗಿ ಸೆಟೆದುಕೊಂಡಿದ್ದವು. ಸುಣ್ಣಕಟ್ಟು ರೋಗ. ಆ ಬಿಳಿ ಪುಡಿ ಗಾಳಿಗೆ ಹಾರುತ್ತದೆ, ಬಟ್ಟೆಗೆ ಅಂಟುತ್ತದೆ, ಬಿದಿರಿನ ಸಂದಿಯಲ್ಲಿ ಕೂತುಕೊಳ್ಳುತ್ತದೆ. ಚಂದ್ರಿಕೆಗಳು ಅವಳ ಬೆನ್ನ ಹಿಂದೆಯೇ ಗೋಡೆಗೆ ಒರಗಿ ನಿಂತಿದ್ದವು.

"ನೋಡ್ಬುಟ್ಟ್ಯಾ" ಅಂದಳು, ತಿರುಗದೆ.

"ಯಾವಾಗ್ಲಿಂದ?"

"ಜ್ವರ ಎದ್ದಾಗ್ಲಿಂದ. ಮೊದ್ಲು ಒಂದೊಂದು. ಈಗ ತಟ್ಟೆ ತಟ್ಟೇನೇ."

"ಸಾವಿತ್ರಕ್ಕಂಗೆ ಹೇಳ್ಬೇಕು ದೊಡ್ಡಮ್ಮ. ಚಂದ್ರಿಕೆ ತಕ್ಕೊಂಡೋದ್ರೆ ಅವ್ಳದೂ ಹೋಯ್ತದೆ."

"ಬಿಸ್ಲಿಗೆ ಇಕ್ಕಿ ಕೊಡವ ಅಂತಿದ್ದೆ."

"ಬಿಸ್ಲೆಲ್ಲೈತೆ?"

"ನಂಗೇನ್ ಗೊತ್ತಿತ್ತಾ ಬಿಸ್ಲು ಬರಲ್ಲ ಅಂತ."

ಬ್ಲೀಚಿಂಗ್ ಪುಡಿ ಹೊಡೆದು ತೊಳೆಯೋಣ ಅಂದೆ. ಅವಳು ಈಗ ತಿರುಗಿ ನನ್ನ ಮುಖ ನೋಡಿದಳು, ದಡ್ಡನನ್ನು ನೋಡುವ ಹಾಗೆ. "ಹುಳ ಮನೇಲಿರೋವಾಗ ಯಾರಾದ್ರೂ ಬ್ಲೀಚಿಂಗ್ ತಕ್ಕಂಡು ಚಂದ್ರಿಕೆ ತೊಳೀತಾರೇನ್ಲಾ? ಆ ಘಾಟು ಬೀದಿ ತಿರುಗೋದ್ರೊಳಗೆ ಪುಟ್ಟತಾಯಿ ಮನೇಲಿ ರೋಗ ಅಂತ ಊರೆಲ್ಲಾ ಆಯ್ತದೆ. ಆಮ್ಯಾಕೆ ಈ ಬೀದೀಲಿ ಯಾರ ಮನೆ ಹುಳ ಹೋದ್ರೂ ನಾವೇ ತಂದಿದ್ದು. ನಿಮ್ ದೊಡ್ಡಪ್ಪ ಡೈರಿ ಮುಂದೆ ತಲೆ ಎತ್ತಿ ನಿಲ್ಲಂಗಿಲ್ಲ. ಚಂದ್ರಿಕೆ ಕೊಡಕಿಲ್ಲ ಅಂದ್ರೂ ಅಷ್ಟೇಯ, ಯಾಕೆ ಅಂತಾರೆ. ಏನ್ ಹೇಳ್ಲಿ?"

ಬೆಳಗ್ಗೆಯವರೆಗೆ ಇಡೀ ಸಭೆಯನ್ನು ನೋಡಿ ನಕ್ಕವನು ನಾನು. ಈಗ ಯಾರ ಮಾತು ಹೇಳಲಿ? ಚಿಕ್ಕಣ್ಣನವರ ಗಂಟಲಲ್ಲಿ ಬುದ್ಧಿ ಹೇಳಿದರೆ ಅವಳು ಮೊರ ಎಸೆಯುತ್ತಿದ್ದಳು. ವಿಲ್ಲೆಮ್ ಗಂಟಲಲ್ಲಿ ಹೊಗಳಿದರೆ ಅಳುತ್ತಿದ್ದಳು. ನಾನೇ ನೇರವಾಗಿ ಹೋಗಿ ಸಾವಿತ್ರಕ್ಕನಿಗೆ ಹೇಳಿಬಿಡಬಹುದಿತ್ತು, ಆದರೆ ನನ್ನನ್ನು ಸಾಕಿದವಳ ಮನೆಯ ರೋಗವನ್ನು ನಾನು ಬೀದಿಗೆ ಹೇಳಿದ ಹಾಗಾಗುತ್ತಿತ್ತು. ಹೇಳದಿದ್ದರೆ ಸಾವಿತ್ರಕ್ಕ ಅಕ್ಕೂರಿಗೆ.

"ದೊಡ್ಡಮ್ಮ, ಇವತ್ತು ಸಭೇಲಿ ನಿನ್ನ ಮಾಡ್ದೆ" ಅಂದೆ.

"ಮಾಡು, ನಗವ" ಅಂದಳು. ನಗುವ ಮುಖವಲ್ಲ.

ಬಾಗಿಲ ಹೊರಗೆ ನಿಂತು, ಇಲ್ಲದ ಸೆರಗು ಹೊದ್ದು, ಮಾಡಿದೆ. ಬಂಗಾರ್ದಂಗವೆ ಕಣವ್ವ. ಈ ಸಲ ಒಂದ್ ಹುಳ ಹೋಗಿಲ್ಲ. ನೀನು ಬಂದು ಚಂದ್ರಿಕೆ ತಕ್ಕೊಂಡೋಗು, ಯೋಚ್ನೆ ಮಾಡ್ಬೇಡ.

ಅವಳ ಕೈಯಲ್ಲಿದ್ದ ಹುಳ ಮೊರಕ್ಕೆ ಬೀಳಲಿಲ್ಲ.

"ನಾನು ಹಿಂಗಂದ್ನಾ?"

"ಹಿಂಗೇ ಅಂದೆ."

"ದನಿ ಹಿಂಗೇ ಇತ್ತಾ?"

"ಹೂಂ."

"ಅವ್ಳೇನಂದ್ಲು?"

"ನಕ್ಕಂಡು ಒಳೀಕ್ ಹೋದ್ಲು."

ಕೈಯಲ್ಲಿದ್ದ ಹುಳವನ್ನು ಮೊರಕ್ಕೆ ಹಾಕಿದಳು. ಅನಂತರ ಎದ್ದು, ಹಿತ್ತಲಲ್ಲಿ ಸೀರೆ ಬದಲಾಯಿಸಿ, ಕೈಕಾಲಿಗೆ ಸೋಪು ಹಾಕಿ ತಿಕ್ಕಿ ತೊಳೆದು, ಮಳೆಯಲ್ಲೇ ಬೀದಿಗೆ ಇಳಿದಳು. ನಾನು ಹಿಂದೆಯೇ ಹೋದೆ. ಸಾವಿತ್ರಕ್ಕನ ಮನೆಯ ಜಗುಲಿ ಹತ್ತಲಿಲ್ಲ. ಬೀದಿಯ ನಡುವೆ, ಇತ್ತ ನಮ್ಮ ಮನೆಗೂ ಅತ್ತ ಅವಳ ಮನೆಗೂ ಸೇರದ ಜಾಗದಲ್ಲಿ ನಿಂತುಕೊಂಡಳು. ಅಷ್ಟು ದೂರದಿಂದ ಮಳೆಯ ಸದ್ದಿಗೆ ಕೇಳಿಸಬೇಕೆಂದರೆ ಕೂಗಲೇಬೇಕು.

"ಸಾವಿತ್ರೀ, ನಮ್ಮನೇಲಿ ಸುಣ್ಣಕಟ್ಟು ಬಿದ್ದೈತೆ ಕಣವ್ವ. ನಮ್ ಚಂದ್ರಿಕೆ ತಕ್ಕಬೇಡ."

ಬೀದಿಯ ಬಾಗಿಲುಗಳೆಲ್ಲ ಆ ಹೊತ್ತಿಗೆ ತೆರೆದೇ ಇದ್ದವು. ಸಾವಿತ್ರಕ್ಕ ಹೊಸ್ತಿಲಿಗೆ ಬಂದಳು. ಕೈಯಲ್ಲಿ ಸೊಪ್ಪಿನ ಕಡ್ಡಿ ಹಾಗೇ ಇತ್ತು.

"ಗೊತ್ತಿತ್ತು ದೊಡ್ಡಮ್ಮ" ಅಂದಳು.

"ಗೊತ್ತಿದ್ದೂ ತಕ್ಕಂಡೋಗಕ್ಕಿದ್ಯೇನೇ?"

"ಬಂಗಾರ ಅಂದ್ರಲ್ಲ, ಆವಾಗ್ಲೇ ಗೊತ್ತಾಯ್ತು. ಬ್ಯಾರೆ ಯಾರ್ ತಾವೂ ಖಾಲಿ ಚಂದ್ರಿಕೆ ಇಲ್ಲ. ನೀವೇ ಹೇಳ್ತೀರೇನೋ ಅಂತ ನಾಳೆಗಂಟ ನೋಡವ ಅಂತಿದ್ದೆ."

"ಹೇಳ್ದೆ ಇದ್ದಿದ್ರೆ?"

ಸಾವಿತ್ರಕ್ಕ ಕಡ್ಡಿಯಿಂದ ಸೊಪ್ಪು ಬಿಡಿಸತೊಡಗಿದಳು. ಹೇಳದೆ ಇದ್ದಿದ್ದರೆ ಅವಳು ಏನು ಮಾಡುತ್ತಿದ್ದಳು ಅನ್ನುವುದು ನನಗೆ ಇವತ್ತಿಗೂ ತಿಳಿಯದ ವಿಷಯಗಳಲ್ಲಿ ಒಂದು.

ಮೂಲೆ ಮನೆಯಿಂದ ಒಂದು ಗಂಡು ದನಿ, ಯಾರಿಗೂ ಹೇಳದ ಹಾಗೆ, "ನಮ್ಮಲ್ಲೂ ಒಸಿ ಕಂಡೈತೆ" ಅಂದಿತು. ಅಷ್ಟೇ. ಉಳಿದವರು ತಮ್ಮ ತಮ್ಮ ಹುಳದ ಮನೆಯ ಬಾಗಿಲು ಹಾಕಿಕೊಂಡರು. ಯಾಕೆ ಅಂತ ಕೇಳುವ ಹಾಗಿರಲಿಲ್ಲ. ರೋಗ ಇದ್ದವರು ಹಾಕಿಕೊಂಡರೋ ಇಲ್ಲದವರು ಹಾಕಿಕೊಂಡರೋ ಗೊತ್ತಾಗಲಿಲ್ಲ.

ಮರುದಿನ ಬೆಳಗ್ಗೆ ಸಾವಿತ್ರಕ್ಕನ ಹುಳ ಹಣ್ಣಾಗಿ ತಲೆ ಎತ್ತಿ ಆಡತೊಡಗಿದವು. ಚಂದ್ರಿಕೆ ಇಲ್ಲ. ಅವಳು ಒಲೆಗೆ ಅಂತ ಅಟ್ಟದ ಮೇಲೆ ಒಟ್ಟಿದ್ದ ತೊಗರಿ ಕಡ್ಡಿಯನ್ನೆಲ್ಲ ಇಳಿಸಿದಳು. ಸಣ್ಣ ಸಣ್ಣ ಕವಲಿರುವ ಒಣ ಕಡ್ಡಿ. ನೆಲದ ಮೇಲೆ ಕಾಗದ ಹಾಸಿ, ಅದರ ಮೇಲೆ ಕಡ್ಡಿ ಕೆದರಿ, ಹುಳಗಳನ್ನು ಬಿಟ್ಟಳು. ಅವಳ ಮಗಳು ಸುತ್ತ ಕೂತು ತಪ್ಪಿಸಿಕೊಂಡು ಹೊರಟವನ್ನು ಹಿಡಿದು ಹಿಡಿದು ತಂದು ಬಿಡುತ್ತಿದ್ದಳು. ನಾನು ಸಹಾಯಕ್ಕೆ ಹೋದರೆ, "ಬೀದೀಲೇ ನಿಂತ್ಕೊ, ನಿನ್ ಮೈಯಾಗೆ ನಿಮ್ಮನೆ ಗಾಳಿ ಐತೆ" ಅಂದಳು. ಬೀದಿಯಲ್ಲೇ ನಿಂತು ಡಾಲ್ಫಿನ್ನಿನ ಹಾಗೆ ಕೂಗಿ ಮಗುವನ್ನು ನಗಿಸಿದೆ. ಡಾಲ್ಫಿನ್ ಹೇಗೆ ಕೂಗುತ್ತದೆಂದು ನನಗೆ ಗೊತ್ತಿರಲಿಲ್ಲ, ಮಗುವಿಗೂ ಗೊತ್ತಿರಲಿಲ್ಲ, ಹಾಗಾಗಿ ಚೆನ್ನಾಗಿಯೇ ಬಂತು.

ನಮ್ಮ ಮನೆಯಲ್ಲಿ ದೊಡ್ಡಪ್ಪ ಉಳಿದ ಹುಳಗಳನ್ನು ಹಳ್ಳ ತೋಡಿ ಸುಣ್ಣ ಹಾಕಿ ಮುಚ್ಚಿದ. ದೊಡ್ಡಮ್ಮನ ಜೊತೆ ಮಾತು ಬಿಟ್ಟ. ಇನ್ನು ಮುಚ್ಚಿಡುವುದೇನೂ ಇರಲಿಲ್ಲವಾದ್ದರಿಂದ ಹುಳದ ಮನೆ, ತಟ್ಟೆ, ಚಂದ್ರಿಕೆ, ಎಲ್ಲವನ್ನೂ ಬ್ಲೀಚಿಂಗ್ ಪುಡಿಯ ನೀರಲ್ಲಿ ತೊಳೆದೆವು. ಆ ಘಾಟು ಸಾರಿಗೆ ಬಂತು, ಹಾಸಿಗೆಗೆ ಬಂತು. ಹೋದ ವಾರ ಬಿಡದಿಯ ಹೋಟೆಲಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ.

ಸಭೆಯ ಕೊನೆಯ ದಿನ ನಾನು ಮತ್ತೆ ಹೋದೆ. ಪರೀಕ್ಷೆಯ ವಿಧಾನ ಎಲ್ಲ ದೇಶದಲ್ಲೂ ಒಂದೇ ಇರಬೇಕು ಅನ್ನುವುದಕ್ಕೆ ಒಪ್ಪಿದರು. ಪರಸ್ಪರ ಹೆಸರು, ಫೋನು ಹಂಚಿಕೊಂಡರು. ಆದರೆ ಮೊದಲು ಹೇಳಿದ ದೇಶಕ್ಕೆ ಆಗುವ ನಷ್ಟವನ್ನು ಯಾರು ಹೊರಬೇಕು ಅನ್ನುವಲ್ಲಿಗೆ ಬಂದಾಗ ಎಲ್ಲರೂ ಗಡಿಯಾರ ನೋಡಿದರು. ಅದನ್ನು ಮುಂದಿನ ಸಭೆಗೆ ಇಟ್ಟುಕೊಂಡರು. ಸುನೇತ್ರಾ ಹೊರಡುವಾಗ ದೊಡ್ಡಮ್ಮ ಏನು ಮಾಡಿದರು ಅಂತ ಕೇಳಿದರು. ಹೇಳಿದೆ. ಅವರು ಚೀಲ ಹೆಗಲಿಗೆ ಹಾಕಿಕೊಳ್ಳುತ್ತಾ, "ನಾವು ಒಂದು ಸಲ ಮೊದಲು ಹೇಳಿದ್ದೆವು. ಆ ವರ್ಷ ನಮ್ಮ ಮೀನುಗಾರರು ನಮ್ಮ ಆಫೀಸಿನ ಮುಂದೆ ಬಂದು 'ನೀವು ಯಾರ ಕಡೆ' ಅಂತ ಕೇಳಿದರು" ಅಂದರು.

ಸಾವಿತ್ರಕ್ಕನ ಗೂಡು ಸೊಟ್ಟ ಸೊಟ್ಟವಾಗಿ ಬಂತು. ಕಡ್ಡಿಯ ಗುರುತು ಬಿದ್ದ ಗೂಡು, ಒಂದಕ್ಕೊಂದು ಅಂಟಿದ ಗೂಡು. ರಾಮನಗರದ ಮಾರುಕಟ್ಟೆಯಲ್ಲಿ ನೂಲು ತೆಗೆಯುವವರು ಕೈಯಲ್ಲಿ ಎತ್ತಿ ನೋಡಿ ನಕ್ಕರು, ಆದರೂ ಕೊಂಡರು. ಬೆಳೆ ಎತ್ತಿದ್ದು ಎತ್ತಿದ್ದೇ. ಅಣ್ಣಂದಿರು ಮಾತಿಗೆ ತಪ್ಪಲಿಲ್ಲ, ತಪ್ಪಲು ಬೀದಿಯವರು ಬಿಡಲೂ ಇಲ್ಲ. ಪಟ್ಟಿ ಅವಳದಾಯಿತು.

ನಮಗೆ ಮಾತ್ರ ಬೀದಿ ಬೀದಿಯಾಗಿ ಉಳಿಯಲಿಲ್ಲ. ನಮ್ಮ ಮನೆಯ ಮುಂದೆ ಬಂದಾಗ ಜನ ಆಚೆ ಬದಿಗೆ ಸರಿದು ನಡೆದರು. ಆ ಮಳೆಗಾಲ ಇನ್ನೂ ಯಾರ ಯಾರ ಮನೆಯಲ್ಲಿ ಹುಳ ಹೋಯಿತೋ, ಎಲ್ಲವೂ ಪುಟ್ಟತಾಯಮ್ಮನ ಲೆಕ್ಕಕ್ಕೆ ಬಂತು, ನಮಗಿಂತ ಮೊದಲೇ ಹೋಗಿದ್ದವೂ ಸೇರಿ. ಯಾರೂ ನಮ್ಮಿಂದ ಏನನ್ನೂ ಕೇಳಲಿಲ್ಲ. ಕೇಳದೆ ಇರುವುದು ಎಷ್ಟು ದೊಡ್ಡ ಶಬ್ದ ಅಂತ ಆಗ ತಿಳಿಯಿತು. ಅದನ್ನು ಯಾವ ಗಂಟಲಲ್ಲೂ ಮಾಡಿ ತೋರಿಸಲು ಆಗುವುದಿಲ್ಲ.

ಒಂದು ದಿನ ದೊಡ್ಡಮ್ಮ ರಾಗಿ ಹಸನು ಮಾಡುತ್ತಾ ಕೇಳಿದಳು, "ಲೇ ಮಂಜ, ಆ ಸಮುದ್ರದೋರು ಮೊದ್ಲು ಹೇಳ್ದೋರಿಗೆ ಏನ್ಲಾ ಕೊಡ್ತಾರೆ?"

"ಗೊತ್ತಿಲ್ಲ ದೊಡ್ಡಮ್ಮ. ಇನ್ನೂ ಮಾತಾಡ್ತಾವ್ರೆ."

"ಅಷ್ಟ್ ಓದ್ದೋರಿಗೇ ಗೊತ್ತಿಲ್ವಾ?"

ಸುನೇತ್ರಾ ಅವರಿಗೆ ಇಮೇಲಿನಲ್ಲಿ ಕೇಳಿದೆ. ಮುಂದಿನ ಸಭೆಯೂ ಆಯಿತು, ಅದೇ ಪ್ರಶ್ನೆಗೆ ಮತ್ತೆ ಗಡಿಯಾರ ನೋಡಿದರು ಅಂತ ಬರೆದರು. ನಿಮ್ಮ ದೊಡ್ಡಮ್ಮನಿಗೆ ಏನು ಸಿಕ್ಕಿತು, ತಿಳಿಸು, ನಮಗೂ ಉಪಯೋಗವಾಗಬಹುದು ಅಂತಲೂ ಬರೆದಿದ್ದರು. ಆ ಇಮೇಲನ್ನು ಹಾಗೇ ಬಿಟ್ಟೆ.

ಮಳೆ ಕಳೆದು ಬಿಸಿಲು ಬಂದು, ಮುಂದಿನ ಬೆಳೆ ಹಣ್ಣಾಗುವ ಹೊತ್ತು. ಡೈರಿಗೆ ಹಾಲು ಹಾಕುವ ಸಮಯ, ಬೀದಿಯ ತುಂಬ ಜನ. ಸಾವಿತ್ರಕ್ಕ ಬಂದು ನಮ್ಮ ಜಗುಲಿ ಹತ್ತಿ, ಅಲ್ಲಿಂದಲೇ ಗಟ್ಟಿಯಾಗಿ, "ದೊಡ್ಡಮ್ಮ, ಚಂದ್ರಿಕೆ ಕೊಡಿ" ಅಂದಳು. ಅವಳ ದನಿ ಅಷ್ಟು ಗಟ್ಟಿ ಇದ್ದದ್ದನ್ನು ನಾನು ಅದೇ ಮೊದಲು ಕೇಳಿದ್ದು. ದೊಡ್ಡಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ಗೋಡೆಯ ಕಡೆ ಕೈ ತೋರಿಸಿದಳು. ಬಿಸಿಲಲ್ಲಿ ಒಣಗಿ ಬಣ್ಣ ಕಳೆದುಕೊಂಡ ಚಂದ್ರಿಕೆಗಳಲ್ಲಿ ಒಂದನ್ನು ಸಾವಿತ್ರಕ್ಕ ತಲೆಯ ಮೇಲೆ ಹೊತ್ತುಕೊಂಡಳು. ಅವಳ ಮನೆ ನಮ್ಮ ಎದುರಿಗೇ ಇತ್ತು, ನಾಲ್ಕು ಹೆಜ್ಜೆ ದಾಟಿದರೆ ಆಯಿತು. ಅವಳು ದಾಟಲಿಲ್ಲ. ಬೀದಿಯ ಉದ್ದಕ್ಕೂ ನಡೆದಳು. ಡೈರಿಯ ಸಾಲಿನ ಪಕ್ಕ ಹಾದು, ಮೂಲೆ ಮನೆಯ ಹತ್ತಿರ ತಿರುಗಿ, ನೀರಿನ ಟ್ಯಾಂಕ್ ಸುತ್ತಿ, ನಮ್ಮ ಮನೆಯ ಆಳುದ್ದದ ಚಂದ್ರಿಕೆಯನ್ನು ಎಲ್ಲರೂ ನೋಡಿ ಪಕ್ಕಕ್ಕೆ ಸರಿದು ದಾರಿ ಬಿಡುವ ಹಾಗೆ ಹೊತ್ತು, ಆ ಕಡೆಯಿಂದ ತನ್ನ ಮನೆ ಸೇರಿಕೊಂಡಳು. ಅದನ್ನಿಳಿಸಿ ಇನ್ನೊಂದಕ್ಕೆ ಬಂದಳು. ಅದನ್ನೂ ಹೊತ್ತು ಅದೇ ಸುತ್ತು ಹೊರಟಳು.

ಸುನೇತ್ರಾ ಅವರಿಗೆ ಇದನ್ನು ಬರೆಯಬೇಕೆಂದು ಫೋನು ಕೈಗೆತ್ತಿಕೊಂಡೆ. ಯಾವ ದೇಶ ಯಾವ ದೇಶದ ಸುತ್ತ ಏನನ್ನು ಹೊತ್ತು ನಡೆಯಬೇಕು ಅಂತ ಬರೆಯುವುದು? ಮೊದಲ ಸಾಲೇ ಹೊಳೆಯಲಿಲ್ಲ. ದೊಡ್ಡಮ್ಮ ಕಂಬ ಹಿಡಿದು ನಿಂತು ಬೀದಿಯ ತುದಿಯನ್ನೇ ನೋಡುತ್ತಿದ್ದಳು.

"ಇವ್ಳಿಗೇನ್ ನೆಟ್ಟಗೆ ಹೋಗಕ್ ಬರಕಿಲ್ವಾ" ಅಂತ ಬೈದಳು. ಬೈದು, ಮೂರನೆಯ ಚಂದ್ರಿಕೆಯನ್ನು ಗೋಡೆಯಿಂದ ಬಿಡಿಸಿ, ಅವಳು ಬರುವುದರೊಳಗೆ ಎತ್ತಿ ಕೊಡುವುದಕ್ಕೆಂದು ಜಗುಲಿಯ ಅಂಚಿಗೆ ತಂದು ನಿಲ್ಲಿಸಿಕೊಂಡಳು.